ನಾಯಿಮಾಂಸ: ಅಪಾಯ ಎಲ್ಲಿದೆ?

2024ರ ಜುಲೈಯಲ್ಲಿ ರಾಜಸ್ಥಾನದಿಂದ ಬೆಂಗಳೂರಿಗೆ ರೈಲಿನಲ್ಲಿ ಬಂದ ಮಾಂಸ ನಾಯಿಯದೆಂಬ ಗುಲ್ಲೆದ್ದಿತು. ಪರೀಕ್ಷೆಯಲ್ಲಿ ಅದು ನಾಯಿಯದಲ್ಲವೆಂದು ಖಚಿತವಾಯಿತು. ಆದರೂ, ನಾಯಿಮಾಂಸ ತಿಂದರೆ ಏನಾಗುತ್ತದೆ ಎಂಬ ಪ್ರಶ್ನೆ ಸಹಜ.

100 ಗ್ರಾಂ ನಾಯಿಮಾಂಸದಲ್ಲಿ ಸುಮಾರು 19 ಗ್ರಾಂ ಪ್ರೊಟೀನು, 20 ಗ್ರಾಂ ಕೊಬ್ಬು ಇರುತ್ತವೆ. ನಮ್ಮ ಕೋಳಿ, ಬಂಗುಡೆಗಳಲ್ಲಿ ಸಿಗದ ವಿಶೇಷ ಸತ್ವವೇನೂ ಇದರಲ್ಲಿಲ್ಲ. ಇದು ಔಷಧಿ ಎಂಬುದಕ್ಕೆ ವೈಜ್ಞಾನಿಕ ಆಧಾರವೂ ಇಲ್ಲ.

ಸರಿಯಾಗಿ ಬೇಯದ ಮಾಂಸದಿಂದ ಟ್ರಿಕಿನೆಲ್ಲಾ ಎಂಬ ಹುಳು ದೇಹ ಸೇರಬಹುದು. ಇದಕ್ಕಿಂತ ಘೋರವಾದುದು ರೇಬೀಸ್. ಚೆನ್ನಾಗಿ ಬೇಯಿಸಿದರೆ ಇದರ ವೈರಸ್ ಸಾಯುತ್ತದೆ; ಅಪಾಯವಿರುವುದು ಕೊಯ್ಯುವ ಕೈಗೆ. ರೋಗಪೀಡಿತ ನಾಯಿಯ ಜೊಲ್ಲು, ಮೆದುಳು ಕೈಯ ಗಾಯಕ್ಕೆ ತಗಲಿದರೆ ಸಾಕು. ವಿಯೆಟ್ನಾಮಿನಲ್ಲಿ ಹೀಗೆ ಸತ್ತವರಿದ್ದಾರೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಿಗೆ ಈ ವೈರಸ್ಸಿನ ಭಯ ಊಟದಿಂದಲ್ಲ, ಕಡಿತದಿಂದ. ನಾಯಿ ಕಚ್ಚಿದರೆ, ಪರಚಿದರೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಸಿನ, ಮೆಣಸಿನಪುಡಿ ಹಚ್ಚಬೇಡಿ. ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಿ. ವೈದ್ಯರು ಹೇಳಿದಷ್ಟೂ ಪೂರ್ತಿ ತೆಗೆದುಕೊಳ್ಳಿ. ರೋಗಲಕ್ಷಣ ಕಾಣಿಸಿದ ಮೇಲೆ ಬದುಕುಳಿಯುವುದು ಅತಿ ವಿರಳ. ಸತ್ತ ನಾಯಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮಕ್ಕಳಿಗೂ ಇದನ್ನು ತಿಳಿಹೇಳಿ.