ನಲ್ಲಿ ನೀರಿನ ಕ್ಲೋರಿನ್: ಎಲ್ಲಿ ಸೋಸಬೇಕು?

ಬೆಂಗಳೂರಿನ ಹೊರವಲಯದ 110 ಹಳ್ಳಿಗಳಿಗಾಗಿ ರೂಪುಗೊಂಡ ಕಾವೇರಿ 5ನೇ ಹಂತದ ಯೋಜನೆಯು 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿತು. ಬಹುಕಾಲ ಕೊಳವೆಬಾವಿ ಹಾಗೂ ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡಿದ್ದ ಬೆಳ್ಳಂದೂರಿನಂತಹ ಪ್ರದೇಶಗಳಲ್ಲಿ ನಲ್ಲಿ ನೀರಿನ ಕ್ಲೋರಿನ್ ವಾಸನೆಯು ಹೊಸ ಪ್ರಶ್ನೆಯೊಂದನ್ನು ಎತ್ತುತ್ತದೆ: ಅದನ್ನು ಸೋಸಿ ತೆಗೆಯಬೇಕೆ?

ಶುದ್ಧೀಕರಣ ಘಟಕದಿಂದ ನಲ್ಲಿಯವರೆಗಿನ ದೀರ್ಘ ಕೊಳವೆಮಾರ್ಗದಲ್ಲಿ ರೋಗಾಣುಗಳನ್ನು ತಡೆಯುವುದು ಉಳಿಕೆ ಕ್ಲೋರಿನ್. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಮಿತಿ 5 ಮಿಲಿಗ್ರಾಂ. ಆ ಮಿತಿಗಿಂತ ಬಹಳ ಕಡಿಮೆ ಪ್ರಮಾಣದಲ್ಲಿಯೇ ವಾಸನೆ ತಿಳಿಯುವುದರಿಂದ, ವಾಸನೆಯೊಂದೇ ಅಪಾಯದ ಸೂಚನೆಯಲ್ಲ.

ಸಕ್ರಿಯ ಇದ್ದಿಲಿನ ಫಿಲ್ಟರ್ ಕ್ಲೋರಿನ್ನನ್ನು ತೆಗೆಯುತ್ತದೆ, ಗಡಸುತನವನ್ನಲ್ಲ. ಅದನ್ನು ಸಂಪಿಗೆ ನೀರು ಬರುವಲ್ಲಿಯೇ ಅಳವಡಿಸಿದರೆ ಸಂಪು ಹಾಗೂ ಮೇಲ್ತೊಟ್ಟಿಯ ನೀರು ರಕ್ಷಣೆ ಕಳೆದುಕೊಳ್ಳುತ್ತದೆ. ಬಳಸುವ ನಲ್ಲಿಗೆ ಮಾತ್ರ ಜೋಡಿಸಿ, ಸೋಸಿದ ನೀರನ್ನು ಕೂಡಲೇ ಬಳಸುವುದು ಲೇಸು. ಇದ್ದಿಲನ್ನು ಸಕಾಲದಲ್ಲಿ ಬದಲಿಸದಿದ್ದರೆ ಅದರಲ್ಲಿಯೇ ಸೂಕ್ಷ್ಮಜೀವಿಗಳು ನೆಲೆಸುತ್ತವೆ. ಆರ್.ಓ. ಘಟಕವುಳ್ಳ ಉದ್ದಿಮೆಗಳಿಗಾದರೋ ಪೊರೆಗೆ ಮುನ್ನ ಕ್ಲೋರಿನ್ ತೆಗೆಯುವುದು ಅನಿವಾರ್ಯ. ಇಲ್ಲವಾದರೆ ಬೆಲೆಬಾಳುವ ಪೊರೆ ಕೆಡುತ್ತದೆ.

ಫಿಲ್ಟರ್ ಕೊಳ್ಳುವ ಮುನ್ನ ಪರೀಕ್ಷಾ ಕಿಟ್ಟಿನಿಂದ ನೀರನ್ನು ಅಳೆಯುವುದು ವಿವೇಕ. ನಲ್ಲಿಯಲ್ಲಿ 0.2ಕ್ಕಿಂತ ಕಡಿಮೆ ಕಂಡುಬಂದರೆ ಮೊದಲು ಬೇಕಾಗಿರುವುದು ಫಿಲ್ಟರ್ ಅಲ್ಲ, ಸಂಪಿನ ಶುಚಿ.