ಎಣ್ಣೆ ಹೊಡೆಯುವ ಬೂಮ್: ಕೆಟ್ಟದ್ದು ವಾಲ್ವೋ, ನಾಜಲ್ಲೋ?

ಹಿಂಗಾರಿಯಲ್ಲಿ ನಮ್ಮ ಗದಗ ಜಿಲ್ಲೆಯ ಎರೆ ಹೊಲಗಳಲ್ಲಿ ಕಡಲೆ ಬಿತ್ತುತ್ತಾರೆ. ಅದು ಹೂ ಬಿಟ್ಟು ಕಾಯಿ ಕಟ್ಟುವ ವೇಳೆಗೆ ಕಾಯಿಕೊರಕ ಹುಳು ಬೀಳುತ್ತದೆ. ನಮ್ಮಣ್ಣ ಟ್ರ್ಯಾಕ್ಟರಿಗೆ ಬೂಮ್ ಸ್ಪ್ರೇಯರ್ ಕಟ್ಟಿಕೊಂಡು ಬಾಡಿಗೆಗೆ ಎಣ್ಣೆ ಹೊಡೆಯುತ್ತಾನೆ. ರಜೆಯಲ್ಲಿ ಅವನು ಬರೀ ನೀರು ತುಂಬಿ ಯಂತ್ರ ಪರೀಕ್ಷೆ ಮಾಡುವಾಗ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಟ್ಯಾಂಕಿನ ನೀರು ಫಿಲ್ಟರ್ ದಾಟಿ ಪಂಪಿಗೆ ಬರುತ್ತದೆ. ಪಂಪಿನ ಮುಂದೆ ಒತ್ತಡ ತೋರಿಸುವ ಗೇಜ್ ಮತ್ತು ಹೆಚ್ಚಾದ ನೀರನ್ನು ಟ್ಯಾಂಕಿಗೇ ಹೊಳ್ಳಿ ಕಳಿಸುವ ಬೈಪಾಸ್ ಇವೆ. ಆಮೇಲೆ ಎಡ, ನಡು, ಬಲ ಎಂದು ಮೂರು ವಾಲ್ವ್. ಒಂದೊಂದಕ್ಕೂ ನಾಲ್ಕು ನಾಜಲ್. ನಾಜಲ್ಲುಗಳ ನಡುವೆ 50 ಸೆಂ.ಮೀ. ಅಂತರ, ಅಂದರೆ ಒಂದು ವಾಲ್ವ್ 2 ಮೀಟರ್ ಅಗಲದ ಪಟ್ಟೆಗೆ ನೀರು ಕೊಡುತ್ತದೆ. ಈಗ ಲೆಕ್ಕ ಹಾಕಿರಿ: 100 ಮೀಟರ್ ಉದ್ದದ ಹೊಲದಲ್ಲಿ ಒಂದು ವಾಲ್ವ್ ಕಟ್ಟಿಕೊಂಡರೆ ಟ್ರ್ಯಾಕ್ಟರ್ ಒಂದು ಸಲ ಹೋಗುವಷ್ಟರಲ್ಲಿ 200 ಚದರ ಮೀಟರ್, ಹತ್ತಿರಹತ್ತಿರ 2 ಗುಂಟೆ ಕಡಲೆ, ಎಣ್ಣೆ ಕಾಣದೆ ಉಳಿಯಿತು. ಹುಳುಗಳಿಗೆ ಹಬ್ಬ!

ಗೇಜ್ ನೋಡಿಕೊಂಡು ಹೋದರೆ ಸಾಕಲ್ಲ ಅಂತ ನಾನು ಕೇಳಿದೆ. ಅಣ್ಣ ನಕ್ಕು, “ಗೇಜ್ ವಾಲ್ವಿಗಿಂತ ಮೊದಲ ಐತಿ. ಮುಂದ ಏನಾಗೈತಿ ಅಂತ ಅದಕ್ಕ ಹ್ಯಾಂಗ ಗೊತ್ತಾಗಬೇಕು?” ಅಂದ. ಮಜಾ ಏನೆಂದರೆ, ಒಂದು ಕಡೆ ಕಟ್ಟಿಕೊಂಡರೆ ಮುಳ್ಳು ಇಳಿಯುವುದಿಲ್ಲ, ಏರುತ್ತದೆ. 12 ನಾಜಲ್ಲಿನ ನೀರು 8ರಲ್ಲೇ ಹೋಗಬೇಕಾದರೆ ಒಂದೊಂದರಲ್ಲಿ ಒಂದೂವರೆ ಪಟ್ಟು ಹೋಗಬೇಕು. ಅದಕ್ಕೆ ಒತ್ತಡ 1.5 × 1.5, ಅಂದರೆ 2.25 ಪಟ್ಟು ಆಗಬೇಕು. ಬೈಪಾಸ್ ಸರಿ ಇದ್ದರೆ ಇಷ್ಟು ಏರಲು ಬಿಡುವುದಿಲ್ಲ. ಆದರೂ ಯಾವುದನ್ನೂ ಮುಟ್ಟದೆ ಮುಳ್ಳು ಏರಿತೆಂದರೆ ನಿಂತು ಹಿಂದೆ ತಿರುಗಿ ನೋಡಲೇಬೇಕು.

ತಪ್ಪು ಹುಡುಕುವುದು ಕರೆಂಟ್ ಹೋದ ಹಾಗೆ. ಒಂದೇ ಬಲ್ಬ್ ಆರಿದರೆ ಬಲ್ಬ್ ನೋಡುತ್ತೇವೆ, ಮನೆಯೆಲ್ಲಾ ಕತ್ತಲಾದರೆ ಫ್ಯೂಸ್ ನೋಡುತ್ತೇವೆ, ಊರೆಲ್ಲಾ ಕತ್ತಲಾದರೆ ಟಿ.ಸಿ. ಕಡೆ ಹೋಗುತ್ತೇವೆ. ಇಲ್ಲಿಯೂ ಒಂದೇ ನಾಜಲ್ ಸಣ್ಣಗೆ ಬಂದರೆ ಅದರಲ್ಲೇ ಕಸ. ಒಂದು ಕಡೆಯ ನಾಲ್ಕೂ ಸಣ್ಣಗಾದರೆ ಆ ಕಡೆಯ ವಾಲ್ವ್ ಅಥವಾ ಪೈಪು. ಹನ್ನೆರಡೂ ಸಣ್ಣಗಾದರೆ ಫಿಲ್ಟರ್, ಪಂಪು ಇಲ್ಲವೇ ಬೈಪಾಸ್.

ವಾಲ್ವೋ ಪೈಪೋ ಎಂದು ತಿಳಿಯಲು ಅಣ್ಣ ಮಾಡಿದ ಉಪಾಯ ನನಗೆ ಬಹಳ ಹಿಡಿಸಿತು. ಯಂತ್ರ ನಿಲ್ಲಿಸಿ, ಒತ್ತಡ ಇಳಿಸಿ, ಎಡದ ಮತ್ತು ನಡುವಿನ ಪೈಪುಗಳನ್ನು ವಾಲ್ವಿನ ಹತ್ತಿರ ಅದಲುಬದಲು ಮಾಡಿದ. ಎಡಗಡೆ ಇದ್ದ ತೊಂದರೆ ಈಗ ನಡುವಿಗೆ ಬಂದರೆ ವಾಲ್ವ್ ಕೆಟ್ಟಿದೆ. ಎಡಗಡೆಯೇ ಉಳಿದರೆ ಪೈಪು. ಹೆಚ್ಚಾಗಿ ಬೂಮ್ ಮಡಚುವ ಜಾಗದಲ್ಲಿ ಪೈಪು ಮುದುಡಿರುತ್ತದೆ.

ಇನ್ನೊಂದು ರೋಗ, ಮುಚ್ಚಿದರೂ ಸೋರುವುದು. ಕಳೆನಾಶಕ ಹೊಡೆಯುವಾಗ ಇದು ಹೆಚ್ಚು ಅಪಾಯ. ಜೋಳಕ್ಕೆ ಹೊಡೆಯುವ 2,4-ಡಿ ಪಕ್ಕದ ಹತ್ತಿಗೆ ಬಿದ್ದರೆ ಹತ್ತಿ ಎಲೆ ಮುರುಟಿ ಗಿಡ ಹಾಳಾಗುತ್ತದೆ. ಪಂಪು ಓಡುತ್ತಿರಲಿ, ಒಂದು ವಾಲ್ವ್ ಮುಚ್ಚಿ ನೋಡಿರಿ. ಒಂದೇ ನಾಜಲ್ ತೊಟ್ಟಿಕ್ಕಿದರೆ ಅದರೊಳಗಿನ ರಬ್ಬರ್ ಪರದೆಗೆ ಕಸ ಸಿಕ್ಕಿದೆ. ನಾಲ್ಕೂ ತೊಟ್ಟಿಕ್ಕಿದರೆ ವಾಲ್ವೇ ಸೋರುತ್ತಿದೆ. ಆದರೆ ಅವಸರ ಬೇಡ. ನಿಧಾನ ಸೋರುವ ವಾಲ್ವ್ ಪೈಪಿನಲ್ಲಿ ಒತ್ತಡ ತುಂಬಿಕೊಳ್ಳುವವರೆಗೆ ಸುಮ್ಮನಿರುತ್ತದೆ, ಎರಡು ಮೂರು ನಿಮಿಷ ಕಾಯಬೇಕು. ಪುಡಿ ಔಷಧದ ಕಣಗಳು ವಾಲ್ವಿನ ಸೀಲನ್ನು ಸವೆಸುತ್ತವೆ, ಆದ್ದರಿಂದ ಕೆಲಸ ಮುಗಿದ ಮೇಲೆ ಮೂರೂ ವಾಲ್ವ್ ತೆರೆದು ಚೊಕ್ಕ ನೀರು ಹಾಯಿಸಬೇಕು.

ಕೆಲವರು ಕಟ್ಟಿದ ನಾಜಲ್ಲನ್ನು ಬಾಯಲ್ಲಿಟ್ಟು ಊದುತ್ತಾರೆ. ಅದು ವಿಷ! ಕೈಗವಸು ಹಾಕಿಕೊಂಡು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬೇಕು. ಮೊಳೆ, ತಂತಿ ಚುಚ್ಚಿದರೆ ತೂತು ದೊಡ್ಡದಾಗಿ ನಾಜಲ್ ಕೆಲಸಕ್ಕೆ ಬಾರದು.