ಡಬ್ಬಿ ನೋಡಿ ಸ್ಟೇಟಸ್ ಹಾಕಿ

ನಮ್ಮದು ಎರಡೂವರೆ ಎಕ್ರೆ ಅಡಿಕೆ ತೋಟ. ಬದುವಿನಲ್ಲಿ ಹನ್ನೊಂದು ಹಲಸಿನ ಮರ. 2023ರಲ್ಲಿ ನಾನು, ನನ್ನ ಓರಗಿತ್ತಿ ಮತ್ತು ಪಕ್ಕದ ಮನೆಯ ಅಕ್ಕ ಸೇರಿ ಹಲಸಿನ ಹಪ್ಪಳ ಮಾಡಿ ಮಾರಲು ಹೊರಟೆವು. ಡ್ರಯರ್‌ಗೆಂದು ಸಹಕಾರಿ ಸಂಘದಿಂದ 80,000 ರೂ. ಸಾಲ ತೆಗೆದೆವು. ಬೆಂಗಳೂರಲ್ಲಿರುವ ಮಗ, "ಅಮ್ಮಾ, ನಿಮ್ಮದೂ ಒಂದು ಸ್ಟಾರ್ಟಪ್ಪೇ" ಅಂತ ನಗಾಡಿದ. ಹೆಸರು ಏನೇ ಇರಲಿ, ಸಾಲದ ಕಂತು ಕಟ್ಟಲೇಬೇಕಲ್ಲ!

ಜಾಹೀರಾತಿಗೆ ದುಡ್ಡಿಲ್ಲ. ಇದ್ದದ್ದು ಮೊಬೈಲ್ ಒಂದೇ. ಅದನ್ನು ಬಳಸಲು ಹೋಗಿ ಮೊದಲ ವರ್ಷ ಪೆಟ್ಟು ತಿಂದೆವು. ಹೊಸದಾಗಿ ಮನೆ ಉದ್ದಿಮೆ ಸುರು ಮಾಡುವವರಿಗೆ ಪ್ರಯೋಜನ ಆದೀತೆಂದು ಆ ಪಾಠವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾಲ್ಕು ದಿನದ ಜಾತ್ರೆ

ಆ ವರ್ಷ ಮೇ ಕೊನೆಗೆ ಅತ್ತೆ ಹಪ್ಪಳ ಒತ್ತುತ್ತಿದ್ದುದನ್ನು ಮಗಳು ವಿಡಿಯೊ ಮಾಡಿ ಫೇಸ್‌ಬುಕ್ಕಿಗೆ ಹಾಕಿದಳು. ಕೆಳಗೆ ನನ್ನ ನಂಬ್ರ. ಅದು ಎಲ್ಲೆಲ್ಲಿಗೋ ಹೋಯಿತು. ನಾಲ್ಕು ದಿನ ಫೋನ್ ಕೆಳಗಿಡಲು ಬಿಡಲಿಲ್ಲ. ಒಲೆ ಮೇಲಿಟ್ಟ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಖುಷಿಯಲ್ಲಿ, ಕೇಳಿದವರಿಗೆಲ್ಲ "ಕಳಿಸ್ತೇವೆ" ಎಂದೆವು. 190 ಮಂದಿ ಮುಂಗಡ ದುಡ್ಡು ಹಾಕಿದರು.

ಅಷ್ಟರಲ್ಲಿ ಮರದಲ್ಲಿ ಉಳಿದಿದ್ದ ಕಾಯಿ ಹಣ್ಣಾಗಲು ತೊಡಗಿತು. ಮಳೆಯೂ ಹಿಡಿಯಿತು. ಬಲಿತ ಕಾಯಿಯೇ ಇಲ್ಲದ ಮೇಲೆ ಡ್ರಯರ್ ಇದ್ದು ಎಂತ ಮಾಡುವುದು? 110 ಮಂದಿಗೆ ಹೇಗೋ ಒದಗಿಸಿದೆವು. ಉಳಿದ 80 ಮಂದಿಗೆ ಹಣ ಹಿಂದೆ ಕಳುಹಿಸಿದೆವು. ಒಬ್ಬರು, "ನಿಮ್ಮನ್ನು ನಂಬಿದ್ದೆವಲ್ಲ ಅಕ್ಕಾ" ಎಂದಷ್ಟೇ ಬರೆದರು. ಬೈದಿದ್ದರೆ ಮರೆಯುತ್ತಿದ್ದೆ. ಇದು ಮರೆಯಲಿಲ್ಲ.

ಆರ್ಡರ್ ಪುಸ್ತಕ ಹೇಳಿದ್ದು

ಮರುವರ್ಷ ಕೆಲಸಕ್ಕೆ ಇಳಿಯುವ ಮೊದಲು ಮೂವರೂ ಜಗಲಿಯಲ್ಲಿ ಕೂತು ಆರ್ಡರ್ ಪುಸ್ತಕ ಬಿಡಿಸಿದೆವು. ವಿಡಿಯೊ ನೋಡಿ ಕೊಂಡ 110 ಮಂದಿಯಲ್ಲಿ ಎರಡನೇ ಸಲ ಕೇಳಿದವರು 14 ಮಾತ್ರ. ನೆಂಟರು, ಪರಿಚಯಸ್ಥರು, ಕುಟುಂಬದ ವಾಟ್ಸಾಪ್ ಗುಂಪುಗಳ ಮೂಲಕ ಬಂದವರು 60 ಮಂದಿ. ಅವರಲ್ಲಿ 41 ಮಂದಿ ಮತ್ತೆ ಕೊಂಡಿದ್ದರು. ಹೆಚ್ಚಿನವರು ಬೆಂಗಳೂರು, ಮುಂಬೈಯಲ್ಲಿರುವ ನಮ್ಮೂರ ಕಡೆಯವರು. ಹಲಸಿನ ಹಪ್ಪಳ ಎಂದರೆ ಎಂತದ್ದು ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ.

ಹಾಗಾಗಿ ಎಲ್ಲ ಕಡೆ ಕಾಲಿಡುವುದನ್ನು ಬಿಟ್ಟೆವು. ಮುಖ್ಯವಾಗಿ ವಾಟ್ಸಾಪ್, ಜತೆಗೆ ಫೇಸ್‌ಬುಕ್ ಒಂದು. ಮೂವರಿಂದ ನಿಭಾಯಿಸಲು ಆಗುವುದು ಅಷ್ಟೇ.

ವರ್ಷದ ಲೆಕ್ಕ ಮೊದಲು

ಹಪ್ಪಳವನ್ನು ಬಿಸಿಲಿನಲ್ಲಿ ಒಣಗಿಸಿ ಮಳೆಗಾಲಕ್ಕೆ ಡಬ್ಬಿಯಲ್ಲಿ ಇಡುತ್ತೇವೆ. ವಿಡಿಯೊ, ಫೋಟೊವನ್ನೂ ಹಾಗೆಯೇ ಮಾಡಿದರಾಯಿತು. ಮಾರ್ಚ್‌ನಿಂದ ಮೇವರೆಗೆ ಕೆಲಸದ ನಡುವೆಯೇ ತೆಗೆದಿಡುತ್ತೇವೆ: ಕಾಯಿ ಇಳಿಸುವುದು, ಸೊಳೆ ಬಿಡಿಸುವುದು, ಬೇಯಿಸಿ ಕಡೆಯುವುದು, ಉಂಡೆ ಮಾಡಿ ಒತ್ತುವುದು, ಚಾಪೆ ಮೇಲೆ ಹರಡುವುದು. ಜೂನ್‌ನಿಂದ ಸೆಪ್ಟೆಂಬರ್ ಮಾರಾಟದ ಸಮಯ. ಆಗ ಒಂದೊಂದೇ ಹೊರಗೆ ತೆಗೆಯುವುದು. ಅಕ್ಟೋಬರ್ ನಂತರ ಡಬ್ಬಿ ಖಾಲಿ. ಆಗ ವಾರಕ್ಕೊಂದು ತೋಟದ ಸುದ್ದಿ ಸಾಕು. "ಮುಂದಿನ ಸಲ ಬೇಕಾದವರು ಹೆಸರು ಕೊಡಿ, ಈಗ ದುಡ್ಡು ಬೇಡ" ಎನ್ನುತ್ತೇವೆ.

ವಾರಕ್ಕೆ ಮೂರು ಸಾಕು

ಮಾರಾಟದ ತಿಂಗಳುಗಳಲ್ಲಿ ನಮ್ಮ ಕ್ರಮ ಹೀಗೆ:

ಸೋಮವಾರ – ಕೆಲಸದ ಒಂದು ದೃಶ್ಯ.
ಗುರುವಾರ – ಗಿರಾಕಿ ಕೇಳಿದ ಒಂದು ಪ್ರಶ್ನೆಗೆ ಉತ್ತರ.
ಶನಿವಾರ – ಎಷ್ಟು ಕಟ್ಟು ಇದೆ, ದರ ಎಷ್ಟು, ಪಾರ್ಸೆಲ್ ಯಾವಾಗ ಹೊರಡುತ್ತದೆ.

"ಕೊಳ್ಳಿ" ಎಂದು ಹೇಳುವುದು ಶನಿವಾರ ಮಾತ್ರ. ದಿನಾ ಕೊಳ್ಳಿ ಕೊಳ್ಳಿ ಎಂದರೆ ನೆಂಟರೂ ನಮ್ಮ ಸ್ಟೇಟಸ್ ನೋಡುವುದು ಬಿಡುತ್ತಾರೆ.

ಗುರುವಾರ ಎಂತ ಹಾಕುವುದು ಎಂದು ತಲೆ ಕೆರೆದುಕೊಳ್ಳಬೇಕಿಲ್ಲ. ಫೋನಿನ ಹತ್ತಿರ ಒಂದು ಪುಸ್ತಕ ಇಟ್ಟಿದ್ದೇವೆ. ಯಾರು ಏನು ಕೇಳಿದರೂ ಅದರಲ್ಲಿ ಬರೆಯುವುದು. "ಸೋಡ ಹಾಕ್ತೀರಾ?" "ಎಣ್ಣೆ ಜಾಸ್ತಿ ಕುಡೀತದಾ?" "ಪಾರ್ಸೆಲಿನಲ್ಲಿ ಹುಡಿಯಾಗುದಿಲ್ವಾ?" ಒಂದು ಪ್ರಶ್ನೆ ಮೂರು ಜನರಿಂದ ಬಂತೆಂದರೆ ಕೇಳದೇ ಉಳಿದವರು ಇನ್ನೆಷ್ಟೋ ಮಂದಿ. ಪಾರ್ಸೆಲ್ ಪ್ರಶ್ನೆಗೆ ಉತ್ತರವಾಗಿ, ಕಟ್ಟಿದ ಪೆಟ್ಟಿಗೆಯನ್ನು ಸೊಂಟದೆತ್ತರದಿಂದ ನೆಲಕ್ಕೆ ಹಾಕಿ ಬಿಡಿಸಿ ತೋರಿಸಿದೆವು. ಎರಡು ಹಪ್ಪಳ ಒಡೆದಿತ್ತು. ಅದನ್ನೂ ತೋರಿಸಿದೆವು. ಆ ವಾರ ಬಂದಷ್ಟು ಆರ್ಡರ್ ಬೇರೆ ಯಾವ ವಾರವೂ ಬರಲಿಲ್ಲ.

ಬಾಳೆಕಾಯಿ ಹುಡಿಯ ಕತೆ ನೆನಪಿರಬಹುದು. 2021ರಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡದ ಮಹಿಳೆಯರು ಅದರಿಂದ ದೋಸೆ, ಗುಲಾಬ್ ಜಾಮೂನು ಮಾಡಿ ಫೋಟೊ ಹಂಚಿಕೊಂಡರು. ಆ ಜುಲೈಯಲ್ಲಿ ಪ್ರಧಾನಿಯವರು 'ಮನ್ ಕೀ ಬಾತ್'ನಲ್ಲಿ ಇದನ್ನು ಪ್ರಸ್ತಾಪಿಸಿದರು. ಹೊಸ ವಸ್ತುವಾದರೆ "ಇದರಿಂದ ಎಂತ ಮಾಡುದು?" ಎಂಬುದೇ ಮೊದಲ ಪ್ರಶ್ನೆ. ಬಟ್ಟಲಲ್ಲಿ ತಿಂಡಿ ಕಂಡಾಗ ಅದಕ್ಕೆ ಉತ್ತರ ಸಿಗುತ್ತದೆ.

ಕೆಲವು ಸಣ್ಣ ವಿಷಯಗಳು

* ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ್ದು, ನಮ್ಮ ನಂಬ್ರವನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲಪುತ್ತದೆ. ಪಾರ್ಸೆಲಿನ ಒಳಗೆ "ನಂಬ್ರ ಸೇವ್ ಮಾಡಿ" ಎಂಬ ಚೀಟಿ ಇಡಿ. ಕೇಳದೆ ಯಾರನ್ನೂ ಗುಂಪಿಗೆ ಸೇರಿಸಬೇಡಿ.
* ಸ್ಟೇಟಸ್ 24 ಗಂಟೆಯಲ್ಲಿ ಮಾಯ. ದರ, ತೂಕ, ಫೋಟೊಗಳನ್ನು ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗಿನಲ್ಲಿ ಹಾಕಿಟ್ಟರೆ ಎಲ್ಲರಿಗೂ ಅದನ್ನೇ ಟೈಪು ಮಾಡುವುದು ತಪ್ಪುತ್ತದೆ.
* ವಿಡಿಯೊ ತೆಗೆಯುವ ಮೊದಲು ಫೋನಿನ ಲೆನ್ಸನ್ನು ಸೆರಗಿನಿಂದಾದರೂ ಒರೆಸಿ. ಅಡುಗೆ ಮನೆಯ ಎಣ್ಣೆಕೈಯಿಂದಲೇ ಚಿತ್ರ ಮಂಜಾಗುವುದು. ಬೆಳಗಿನ ಬೆಳಕು ಒಳ್ಳೆಯದು.
* ಧ್ವನಿ ನಿಲ್ಲಿಸಿ ನೋಡುವವರು ಬಹಳ. ಮುಖ್ಯ ಮಾತನ್ನು ಅಕ್ಷರದಲ್ಲೂ ಹಾಕಿ.
* ಕೆಲಸಕ್ಕೆ ಬರುವವರ ಮುಖ ತೋರಿಸುವುದಿದ್ದರೆ ಮೊದಲು ಕೇಳಿ.
* "ಸಕ್ಕರೆ ಕಾಯಿಲೆ ಗುಣವಾಗುತ್ತದೆ" ಎಂಬ ಮಾತೆಲ್ಲ ಬೇಡ. ಆಹಾರ ವಸ್ತುವಿಗೆ ಹಾಗೆ ಹೇಳುವುದು ಕಾನೂನಿಗೆ ವಿರುದ್ಧ. ಬದಲಿಗೆ ಲೇಬಲನ್ನು ಹತ್ತಿರದಿಂದ ತೋರಿಸಿ. ಎಫ್‌ಎಸ್‌ಎಸ್‌ಎಐಯ 14 ಅಂಕೆಯ ನಂಬ್ರ, ತಯಾರಿಸಿದ ದಿನ, ತೂಕ ಕಾಣುವಂತಿರಲಿ.

ತಪ್ಪಿಸದ ನಿಯಮ

ಶನಿವಾರದ ಸ್ಟೇಟಸ್ ಹಾಕುವ ಮೊದಲು ಓರಗಿತ್ತಿ ಡಬ್ಬಿಗಳನ್ನು ಎಣಿಸುತ್ತಾಳೆ. ಅವಳು ಲೆಕ್ಕ ಹೇಳದೆ ಮಗಳು ಫೋನ್ ಮುಟ್ಟುವಂತಿಲ್ಲ. 40 ಕಟ್ಟು ಇದ್ದರೆ 40 ಎಂದೇ ಬರೆಯುತ್ತೇವೆ. ಮುಗಿದ ಕೂಡಲೇ "ಮುಗಿಯಿತು" ಎಂದೂ ಹಾಕುತ್ತೇವೆ. ಕಟ್ಟಿ ಇಡದ ಹಪ್ಪಳಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ತಿಂಗಳ ಕೊನೆಗೆ ಮೂರು ಲೆಕ್ಕ: ವಿಚಾರಿಸಿದವರು ಎಷ್ಟು, ಕೊಂಡವರು ಎಷ್ಟು, ಪುನಃ ಕೊಂಡವರು ಎಷ್ಟು. ಹೊಸಬರಲ್ಲಿ "ನಮ್ಮ ವಿಷಯ ಎಲ್ಲಿ ಗೊತ್ತಾಯ್ತು?" ಎಂದು ಕೇಳಿ ಬರೆದುಕೊಳ್ಳುತ್ತೇವೆ. ಲೈಕುಗಳನ್ನು ಎಣಿಸುವುದು ಬಿಟ್ಟಿದ್ದೇವೆ. ಅದರಿಂದ ಕಂತು ಕಟ್ಟಲು ಆಗುವುದಿಲ್ಲ.

2024ರಲ್ಲಿ ಮೊದಲ ಹಪ್ಪಳ ಒಣಗಿದಾಗ ಸ್ಟೇಟಸ್ ಹಾಕಲಿಲ್ಲ. ಹಿಂದಿನ ವರ್ಷ ಹಣ ವಾಪಸು ಪಡೆದ 80 ಮಂದಿಗೆ ಒಬ್ಬೊಬ್ಬರಿಗೇ ಬರೆದೆವು: "ಕಳೆದ ಸಲ ಕೊಡಲಾಗಲಿಲ್ಲ. ಈಗ ಇದೆ. ಬೇಕಿದ್ದರೆ ಮೊದಲು ನಿಮಗೆ." 22 ಮಂದಿ ತರಿಸಿಕೊಂಡರು. ಹಲವರು ಉತ್ತರಿಸಲಿಲ್ಲ, ಅದು ಅವರ ತಪ್ಪೂ ಅಲ್ಲ. "ನಂಬಿದ್ದೆವಲ್ಲ ಅಕ್ಕಾ" ಎಂದು ಬರೆದವರು ನಾಲ್ಕು ಕಟ್ಟು ಕೇಳಿದರು. ಅವರ ಪೆಟ್ಟಿಗೆಯನ್ನು ನಾನೇ ಕಟ್ಟಿದೆ.